ರೋಣಗಲ್ಲಿನ ಮೇಲೆ ಕೂತ ಮೇಷ್ಟ್ರು

ಚನ್ನಗಿರಿ
೧೦ ಆಗಸ್ಟ್ ೨೦೨೫, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ, ಬರೀ ಪ್ರೀತಿಯ ಅಂದರೆ ಸಾಲದು, ನನ್ನ ಅತಿ ಅತಿ ಪ್ರೀತಿಯ ಸತೀಶ್,

ಹೇಗಿದ್ದೀರಿ? ಪಂಜಾಬಿನ ಬಿಸಿಲಿಗೆ ಮೂಗಿನ ತುದಿ ಸುಲಿದಿದೆ, ಫೋಟೋದಲ್ಲಿ ನೋಡಿದೆ. ಅದೂ ನಿಮಗೆ ಚೆನ್ನಾಗೇ ಕಾಣುತ್ತದೆ! ರೈಲು ಹತ್ತುವಾಗ "ವಾರಕ್ಕೊಂದು ಕಾಗದ ಬರಿ, ಕೈಯಲ್ಲಿ ಹಿಡ್ಕೊಂಡು ಓದಾಕೆ ಏನಾದ್ರೂ ಬೇಕು" ಅಂದಿರಿ. "ವಾರಕ್ಕೆರಡು" ಅಂತ ನಾನು ಜಂಬ ಕೊಚ್ಚಿಕೊಂಡೆ. ಇಷ್ಟು ದಿನವಾದ ಮೇಲೆ ಇದೇ ಮೊದಲನೆಯದು. ಕ್ಷಮಿಸಿ ರೀ. ಮೊದಲಿನ ದಿನಗಳಲ್ಲಿ ಬರೆಯದಿದ್ದಕ್ಕೆ ಸೋಮಾರಿತನ ಕಾರಣ. ಕಳೆದ ನಾಲ್ಕು ದಿನ ಬರೆಯದಿದ್ದಕ್ಕೆ ಕಾರಣ ಬೇರೆ. ಅದನ್ನು ಹೇಳುವುದಕ್ಕೇ ಈ ಕಾಗದ.

ನಿನ್ನೆ ಸಂಜೆಯಷ್ಟೇ ಮಾತಾಡಿದೆವಲ್ಲ, ಆಗಲೇ ಹೇಳಬಹುದಿತ್ತಲ್ಲ ಅಂತ ಕೇಳಬೇಡಿ. ನಮ್ಮ ಮನೆಯಲ್ಲಿ ಫೋನು ಅಂದರೆ ಗ್ರಾಮಸಭೆ. ಅತ್ತೆ "ಸ್ಪೀಕರ್ ಹಾಕವ್ವಾ, ಅವನ ದನಿ ನಾನೂ ಕೇಳ್ತೀನಿ" ಅಂತಾರೆ. ಮಾವ ಟಿ.ವಿ.ಯ ಸೌಂಡು ಕಡಿಮೆ ಮಾಡಿ, ಪೇಪರ್ ಓದುವವರ ಹಾಗೆ ನಟಿಸುತ್ತಾರೆ. ನಾನು "ಊಟ ಆಯ್ತಾ?" ಅಂತೀನಿ, ನೀವು "ಆತು" ಅಂತೀರಿ. ಹೊಸದಾಗಿ ಮದುವೆಯಾದವರು ಮಾತಾಡುವ ಮಾತೇ ಇದು! ವಾಟ್ಸಾಪಿನಲ್ಲಿ ಎಷ್ಟು ಸಲ ಬೆರಳಾಡಿಸಿದೆನೋ, ಅಷ್ಟೂ ಸಲ ಅಳಿಸಿದೆ. ಅದಕ್ಕೇ ಇವತ್ತು ಆಫೀಸಿನ ಮೀಟಿಂಗ್ ಇದೆ ಅಂತ ಕೋಣೆಯ ಬಾಗಿಲು ಹಾಕಿಕೊಂಡು ಬರೆಯಲು ಕೂತಿದ್ದೇನೆ.

ಮೊದಲು ಸ್ವಲ್ಪ ಸಂತೋಷದ ಸುದ್ದಿ ಬರೆಯಲಾ? ನನಗೆ ಈಗ ರೊಟ್ಟಿ ಬಡಿಯಲು ಬರುತ್ತದೆ. ದುಂಡಗೆ ಅಲ್ಲ. "ಇದು ಜಗಳೂರು ತಾಲ್ಲೂಕಿನ ಮ್ಯಾಪ್ ಇದ್ದಂಗೈತೆ, ಸತೀಶನ ಸ್ಕೂಲು ಎಲ್ಲೈತೆ ತೋರ್ಸು" ಅಂತ ಮಾವ ನಕ್ಕರು. ನಾನು ಒಂದು ಸುಟ್ಟ ಚುಕ್ಕೆ ತೋರಿಸಿದೆ. ಶ್ರಾವಣ ಸೋಮವಾರ ಅತ್ತೆ ತಮ್ಮ ಮದುವೆಯ ಹಸಿರು ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ದೃಷ್ಟಿ ತೆಗೆದರು. ಆಷಾಢಕ್ಕೆ ನನ್ನನ್ನು ಹೊನ್ನಾಳಿಯ ತವರಿಗೆ ಅಟ್ಟಿದರು. ಆಷಾಢ ಮುಗಿದು ನಾನು ಬರುವಷ್ಟರಲ್ಲಿ ನೀವು ಕೋಚಿಂಗ್ ಕೋರ್ಸ್ ಅಂತ ಹೊರಟಿರಿ. ಈ ಪಂಚಾಂಗ ಬರೆದವರಿಗೆ ಮದುವೆಯೇ ಆಗಿರಲಿಲ್ಲ ಅನಿಸುತ್ತದೆ. ನೀವಿಲ್ಲದಾಗ ನಿಮ್ಮ ಹಳೆಯ ಟ್ರ್ಯಾಕ್ ಸೂಟಿನ ಮೇಲಂಗಿ ಹಾಕಿಕೊಂಡು ಓಡಾಡುತ್ತೇನೆ. ಅತ್ತೆ ನೋಡಿಯೂ ನೋಡದ ಹಾಗೆ ಇರುತ್ತಾರೆ. ಇಂಥ ಮನೆ ಯಾರಿಗೆ ಸಿಗುತ್ತದೆ ಹೇಳಿ.

ಇಂಥ ಮನೆಗೆ ನಾನು ಮಾಡಿದ್ದನ್ನು ಈಗ ಹೇಳುತ್ತೇನೆ.

ಆಷಾಢದಲ್ಲಿ ನೀವು ಖೋ ಖೋ ಸೆಲೆಕ್ಷನ್ ಇದೆ ಅಂತ ಸುಳ್ಳು ಹೇಳಿ ಹೊನ್ನಾಳಿಗೆ ಬಂದಿದ್ದಿರಲ್ಲ, ಹೊಳೆ ದಂಡೆಯ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿಂದೆವಲ್ಲ, ಆಗ ಒಂದು ಮಾತು ಹೇಳಿದಿರಿ. ಮಾವನಿಗೆ ಎರಡು ವರ್ಷದ ಕೆಳಗೆ ದಾವಣಗೆರೆಯಲ್ಲಿ ಪ್ರಾಸ್ಟೇಟ್ ಆಪರೇಷನ್ ಆಯಿತು. ಅವತ್ತಿನಿಂದ ಅವರು ಓಡಿದರೆ, ನೆಗೆದರೆ, ಜೋರಾಗಿ ವಿಷಲ್ ಊದಿದರೂ ಸಾಕು, ಬಟ್ಟೆ ಒದ್ದೆಯಾಗುತ್ತದೆ. ಮೂವತ್ತು ವರ್ಷ ಮೈದಾನದಲ್ಲಿ ವಿಷಲ್ ಊದಿದವರಿಗೆ ಈಗ ಅದೇ ಹೆದರಿಕೆ. "ಅಮ್ಮ ಬಟ್ಟೆ ಒಗೆಯುವವಳು, ಅವಳಿಗೆ ಗೊತ್ತು. ಅವಳು ಅಳುತ್ತಾ ನನಗೆ ಹೇಳಿದಳು. ನನಗೆ ಗೊತ್ತು ಅನ್ನೋದು ಅಪ್ಪನಿಗೇ ಗೊತ್ತಿಲ್ಲ. ನಿನಗೂ ಗೊತ್ತಿಲ್ಲದ ಹಾಗಿರು" ಅಂದಿರಿ. ಕೇಳಿ ನಾನು ಎಷ್ಟು ಅತ್ತುಬಿಟ್ಟೆ! ನಿಮ್ಮ ತೋಳಿಗೆ ಮೂಗು ಒರೆಸಿದೆ. ಗಂಡ ನನ್ನನ್ನು ನಂಬಿ ಮನೆಯ ಒಳಗಿನ ಮಾತು ಹೇಳಿದ ಅಂತ ಒಳಗೊಳಗೆ ಹಿಗ್ಗಿದೆ ಕೂಡ. ಆ ಹಿಗ್ಗು ಈಗ ನೆನಪಾದರೆ ಮೈ ಮುದುಡಿಕೊಳ್ಳುತ್ತದೆ.

ಮೊನ್ನೆ ಮಂಗಳವಾರ, ಬುಧವಾರ ಹೊನ್ನಾಳಿಯಲ್ಲಿ ಕಾರ್ಯಾಗಾರ ಇತ್ತಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ತಾಲ್ಲೂಕಿನ ದೈಹಿಕ ಶಿಕ್ಷಕರಿಗೆ ನಮ್ಮ ಸಂಸ್ಥೆಯಿಂದ ತರಬೇತಿ. ನಾನೊಬ್ಬಳೇ ನಿಂತು ನಡೆಸುವ ಮೊದಲ ಕಾರ್ಯಾಗಾರ. ವಿಷಯ ಸಿಸ್ಟಮ್ಸ್ ಥಿಂಕಿಂಗ್. ನಿಮಗೆ ನೂರು ಸಲ ಹೇಳಿ ತಲೆ ತಿಂದಿದ್ದೇನೆ. ತೊಂದರೆ ಬಂದಾಗ ಒಬ್ಬ ಕಳ್ಳನನ್ನು ಹುಡುಕಿ ಕೈ ತೊಳೆದುಕೊಳ್ಳಬಾರದು. ಯಾವುದು ಯಾವುದನ್ನು ಎಳೆಯುತ್ತಿದೆ, ಎಳೆಸಿಕೊಂಡಿದ್ದು ತಿರುಗಿ ಯಾವುದನ್ನು ತಳ್ಳುತ್ತಿದೆ ಅಂತ ಸುತ್ತು ಬಾಣ ಹಾಕಿ ನೋಡಬೇಕು ಅನ್ನುವುದು. ಮೊದಲ ದಿನ ನಾನು ಬೋರ್ಡಿನ ಮೇಲೆ ವಿಷಯದ ಹೆಸರು ಬರೆದ ಕೂಡಲೇ ಜಗಳೂರಿನ ದುರುಗೇಶ್ ಮೇಷ್ಟ್ರು, ಎತ್ತರದವರು, ಯಾವಾಗಲೂ ತಮಾಷೆ, ಎದ್ದು ನಿಂತರು. "ಮೇಡಂ, ಸಿಸ್ಟಮ್ ಅಂದ್ರೆ ಕಂಪ್ಯೂಟರ್ರಾ? ನಮ್ಮ ಸ್ಕೂಲಾಗೆ ಇರೋದೇ ಒಂದು. ಅದಕ್ಕೂ ಹೆಡ್‌ಮಾಸ್ಟ್ರು ದುಪ್ಪಟಿ ಹೊದಿಸಿ ಮಲಗಿಸ್ಯಾರೆ."

ಎಲ್ಲರೂ ನಕ್ಕರು. ನಾನೂ ನಕ್ಕು ಅವರನ್ನು ಹೊರಗೆ ಮೈದಾನಕ್ಕೆ ಕರೆದುಕೊಂಡು ಹೋದೆ. ಅಲ್ಲೊಂದು ಆಟ ಆಡಿಸಿದೆ. ಪ್ರತಿಯೊಬ್ಬರೂ ಮನಸ್ಸಿನಲ್ಲೇ ಇಬ್ಬರನ್ನು ಆರಿಸಿಕೊಳ್ಳಬೇಕು, ಯಾರೆಂದು ಬಾಯಿ ಬಿಡಬಾರದು. ಆಮೇಲೆ ಆ ಇಬ್ಬರಿಂದಲೂ ಸಮ ದೂರದಲ್ಲಿ ನಿಲ್ಲಬೇಕು. ಅಷ್ಟೇ. ಅಯ್ಯೋ ನೀವು ನೋಡಬೇಕಿತ್ತು! ಒಬ್ಬರು ಒಂದು ಹೆಜ್ಜೆ ಇಟ್ಟರೆ ಇಡೀ ಗುಂಪು ಹಿಟ್ಟಿನ ಜರಡಿಯ ಹಾಗೆ ಅಲ್ಲಾಡುತ್ತದೆ. ನ್ಯಾಮತಿಯ ಸುನಿತಾ ಮೇಡಂ "ರೀ ಸರ, ಒಂದ್ಕಡೆ ನಿಂತ್ಕಳ್ರೀ! ನೀವು ಹಿಂಗೆ ಸರಿದ್ರೆ ನಾನು ಸೂರಗೊಂಡನಕೊಪ್ಪ ಮುಟ್ತೀನಿ" ಅಂತ ಕೂಗುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಚನ್ನಗಿರಿಯ ಮೇಷ್ಟ್ರುಗಳ ಜೊತೆ ಮಾವನೂ ಬಂದಿದ್ದರು. ಅವರು ಆಡಲಿಲ್ಲ. ಬಿಳಿ ಟೋಪಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಪಕ್ಕದಲ್ಲಿ ಕೂತವರಿಗೆ "ನಮ್ಮ ಸೊಸಿ" ಅನ್ನುವುದು ನನಗೆ ಅಲ್ಲಿಗೂ ಕೇಳಿಸಿತು.

ಊಟದ ನಂತರ ಒಳಗೆ ಕೂರಿಸಿ, ನಿಮ್ಮ ಶಾಲೆಯ ನಿಜವಾದ ಒಂದು ತೊಂದರೆ ಹೇಳಿ, ಸುತ್ತು ಹಾಕೋಣ ಅಂದೆ. ಆಗ ಎಲ್ಲರೂ ಇನ್‌ಸ್ಪೆಕ್ಷನ್ನಿಗೆ ಉತ್ತರ ಕೊಡುವವರ ಹಾಗಾದರು. "ಮಕ್ಕಳಲ್ಲಿ ಆಸಕ್ತಿಯ ಕೊರತೆ." "ಪೋಷಕರ ಸಹಕಾರ ಇಲ್ಲ." "ಕ್ರೀಡಾ ಸಾಮಗ್ರಿಗಳ ಅಭಾವ." ಬೋರ್ಡು ತುಂಬಿತು, ಒಂದು ಬಾಣಕ್ಕೂ ಜೀವ ಇಲ್ಲ. ಹಿಂದಿನ ಬೆಂಚಿನವರು ಆಕಳಿಸಿದರು. ಸಂಜೆ ನಮ್ಮ ಆಫೀಸಿನ ಸರ್ ಒಂದೇ ಮಾತು ಅಂದರು: "ಆಟ ಚೆನ್ನಾಗಿತ್ತು ಸಂಧ್ಯಾರಾಣಿ, ಆದರೆ ನಾಳೆ ಒಂದು ನಿಜವಾದ ಕೇಸ್ ಬೇಕು. ಇಲ್ಲದಿದ್ದರೆ ಇದು ಬರೀ ಆಟ."

ಆ ಮಾತು ನನ್ನನ್ನು ಚುಚ್ಚಿತು. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಪ್ರತಿ ವರ್ಷ ಪ್ರೈಜ್ ತೆಗೆದುಕೊಂಡವಳು. "ಪರವಾಗಿಲ್ಲ" ಅನ್ನಿಸಿಕೊಂಡು ಗೊತ್ತೇ ಇಲ್ಲ. ಬಸ್ಸಿನಲ್ಲಿ ಬರುವಾಗ ಮಾವ "ನಾಳೆ ನಾನು ಬರಾಕಿಲ್ಲವ್ವಾ, ಸ್ಕೂಲಾಗೆ ಎಸ್‌ಡಿಎಂಸಿ ಮೀಟಿಂಗ್ ಐತೆ" ಅಂದರು. ಆ ಕ್ಷಣವೇ ನನ್ನ ತಲೆಯಲ್ಲಿ ಕೇಸ್ ಸಿದ್ಧವಾಯಿತು. ಇದನ್ನು ಬರೆಯಲು ಎಷ್ಟು ನಾಚಿಕೆಯಾಗುತ್ತಿದೆ ಗೊತ್ತಾ? ಬಾಯಿ ತಪ್ಪಿ ಬಂದ ಮಾತು ಅಂತ ನಿಮಗೆ ಹೇಳಲಾರೆ. ಅವರು ಅಲ್ಲಿ ಇರುವುದಿಲ್ಲ ಅಂತ ತಿಳಿದುಕೊಂಡೇ, ಹಿಂದಿನ ದಿನವೇ ಯೋಚಿಸಿ ಹೇಳಿದ ಮಾತು.

ಬುಧವಾರ ಊಟವಾದ ಮೇಲೆ ಶುರು ಮಾಡಿದೆ. ಜಾಣತನ ನೋಡಿ: ಚನ್ನಗಿರಿಯನ್ನು ಜಗಳೂರು ಮಾಡಿದೆ. ಕಬಡ್ಡಿಯನ್ನು ಖೋ ಖೋ ಮಾಡಿದೆ. "ನಾನು ಓದುವಾಗ ನೋಡಿದ ಒಬ್ಬ ಮೇಷ್ಟ್ರು" ಅಂದೆ. ಮೇಷ್ಟ್ರು ಆಟದ ಪಿರಿಯಡ್ಡಿನಲ್ಲಿ ಕೂತೇ ಇರುತ್ತಾರೆ, ಚೆಂಡು ಕೊಟ್ಟು ಬಿಡುತ್ತಾರೆ. ದೊಡ್ಡ ಹುಡುಗರು ಚೆಂಡು ಕಿತ್ತುಕೊಳ್ಳುತ್ತಾರೆ, ಉಳಿದವರು ವರಾಂಡದಲ್ಲಿ ಕೂರುತ್ತಾರೆ. ಕೂತ ಮಕ್ಕಳನ್ನು ನೋಡಿ ಹೆಡ್‌ಮಾಸ್ಟ್ರು ಆ ಪಿರಿಯಡ್ಡನ್ನು ಗಣಿತಕ್ಕೆ ಕೊಡುತ್ತಾರೆ. ಪಿರಿಯಡ್ಡು ಕಡಿಮೆಯಾದಂತೆ ಮೇಷ್ಟ್ರಿಗೆ ನಾನು ಯಾಕೆ ಬೇಕು ಅನಿಸುತ್ತದೆ, ಇನ್ನೂ ಕೂರುತ್ತಾರೆ. ಸುತ್ತು ಮುಚ್ಚಿತು. ಹಾಲ್‌ನಲ್ಲಿ ಯಾರೂ ಆಕಳಿಸಲಿಲ್ಲ. ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದರು.

ಆಮೇಲೆ ಬಂಡೆಯ ಚಿತ್ರ ಬರೆದೆ. ಪುಸ್ತಕದಲ್ಲಿ ಸಮುದ್ರದಲ್ಲಿ ತೇಲುವ ಹಿಮದ ಗುಡ್ಡ ಇರುತ್ತದೆ. ನಮ್ಮವರಿಗೆ ಹಿಮ ಯಾಕೆ ಅಂತ ಸೂಳೆಕೆರೆಯ ನೀರಿನಲ್ಲಿ ಮುಳುಗಿದ ಬಂಡೆ ಮಾಡಿದೆ. ಮೇಲೆ ಕಾಣುವುದು ತುದಿ: ಮೇಷ್ಟ್ರು ಕೂತಿದ್ದಾರೆ. ನೀರಿನ ಕೆಳಗೆ ಏನಿದೆ? "ಸೋಮಾರಿತನ" ಅಂದರು ಯಾರೋ. ನಾನು ಒಂದು ಗಳಿಗೆ ಸುಮ್ಮನೆ ನಿಂತೆ, ನಾಟಕದವರ ಹಾಗೆ. ಆಮೇಲೆ ಹೇಳಿಬಿಟ್ಟೆ. ಆಪರೇಷನ್ ಹೇಳಿದೆ. ವಿಷಲ್ ಊದಿದರೆ ಬಟ್ಟೆ ಒದ್ದೆಯಾಗುವುದನ್ನು ಹೇಳಿದೆ. ಇಡೀ ಹಾಲ್ ಎಷ್ಟು ನಿಶ್ಶಬ್ದವಾಯಿತೆಂದರೆ ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು. ಆ ನಿಶ್ಶಬ್ದ ನನಗೆ ಎಷ್ಟು ಇಷ್ಟವಾಯಿತು ರೀ! ಇನ್ನೂ ಸ್ವಲ್ಪ ಹೊತ್ತು ಇರಲಿ ಅನಿಸಿತು. ಅದಕ್ಕೇ ಚಿತ್ರಕ್ಕೆ ಇನ್ನೊಂದಿಷ್ಟು ಬಣ್ಣ ಇರಲಿ ಅಂತ, ನಾನು ಅತ್ತೆಯ ಜೊತೆ ಒಮ್ಮೆ ಬುತ್ತಿ ಕೊಡಲು ಹೋದಾಗ ಮಾವನ ಶಾಲೆಯಲ್ಲಿ ಕಂಡದ್ದನ್ನು ಸೇರಿಸಿದೆ. "ಪಾಪ, ಮೈದಾನದ ಮೂಲೆಯಲ್ಲಿ ಒಂದು ಕಲ್ಲಿನ ರೋಲರ್ ಬಿದ್ದಿರುತ್ತದೆ, ಹಿಂದೆ ಕಣದಲ್ಲಿ ತೆನೆಯ ಮೇಲೆ ಉರುಳಿಸುತ್ತಿದ್ದರಲ್ಲ ಅಂಥದ್ದು. ಅದರ ಮೇಲೆ ಕೂತಿರುತ್ತಾರೆ."

ದುರುಗೇಶ್ ಮೇಷ್ಟ್ರು ಕೂತಲ್ಲಿಂದಲೇ ಅಂದರು: "ರೋಣಗಲ್ಲು ಅನ್ರೀ ಮೇಡಂ. ನಮ್ಮ ಜಗಳೂರಾಗೆ ಯಾವ ಸ್ಕೂಲಾಗೂ ರೋಣಗಲ್ಲಿಲ್ಲ. ನಾಕೂ ತಾಲ್ಲೂಕಿಗೆ ರೋಣಗಲ್ಲಿನ ಮ್ಯಾಲೆ ಕುಂದ್ರೋ ಮೇಷ್ಟ್ರು ಒಬ್ರೇ, ನಮ್ಮ ರೋಣಗಲ್ಲು ಮರು..."

ಅಲ್ಲಿಗೆ ನಿಂತರು. ನಗಲು ಬಾಯಿ ತೆರೆದವರು ಹಾಗೇ ಇದ್ದರು. ಮಾವನಿಗೆ ಮೈದಾನದವರೆಲ್ಲ ಹಿಂದಿನಿಂದ 'ರೋಣಗಲ್ಲು ಮರುಳಪ್ಪ' ಅಂತ ಹೆಸರು ಇಟ್ಟಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ ಸತೀಶ್. ನಿಮಗೆ ಗೊತ್ತಿತ್ತಾ? ಎಲ್ಲರ ತಲೆ ಒಂದೇ ಸಲ ಹಿಂದಕ್ಕೆ ತಿರುಗಿತು. ಯಾಕೆ ಅಂತ ನಾನೂ ನೋಡಿದೆ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬಿಳಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಮಾವ ಕೂತಿದ್ದರು. ಮೀಟಿಂಗು ಬೇಗ ಮುಗಿಯಿತಂತೆ. ಸೊಸೆಯ ಪಾಠ ತಪ್ಪಿಸಿಕೊಳ್ಳಬಾರದು ಅಂತ ಸಿಕ್ಕಿದ ಬಸ್ಸು ಹತ್ತಿ ಬಂದಿದ್ದರಂತೆ. ಯಾವಾಗ ಬಂದರೋ, ಎಷ್ಟು ಕೇಳಿದರೋ. ನಾನು ಬೋರ್ಡಿನ ಕಡೆ ಮುಖ ಮಾಡಿದ್ದೆ.

ಅವರು ಎದ್ದು ನಿಂತರು. ಮುಖದಲ್ಲಿ ನಗು ಇತ್ತು. "ಲೇ ದುರುಗೇಶಾ, ನಾನು ಕುಂತಿದ್ದಕ್ಕೇ ಆ ಕಲ್ಲು ಇನ್ನೂ ಐತೆ ಕಣೋ. ಇಲ್ಲಾಂದಿದ್ರೆ ಅದನ್ನೂ ಯಾರೋ ಹೊತ್ಕಂಡು ಹೋಗಿ ಅಂಗಳಕ್ಕೆ ಹಾಕ್ಕಳ್ತಿದ್ರು" ಅಂದರು. ಎಲ್ಲರೂ ಉಸಿರು ಬಿಟ್ಟು ನಕ್ಕರು, ಬೇಕಾದ್ದಕ್ಕಿಂತ ಜೋರಾಗಿ. ಆಮೇಲೆ ನನ್ನ ಕಡೆ ನೋಡಿ, "ನೀನು ಮುಂದುವರ್ಸವ್ವಾ, ನಾನು ನೀರು ಕುಡ್ದು ಬರ್ತೀನಿ" ಅಂದು ಹೊರಗೆ ಹೋದರು. ತಿರುಗಿ ಬರಲಿಲ್ಲ.

ನೀವು ಈಗ ಕೇಳುತ್ತೀರಿ, ನೀನು ಅವರ ಹಿಂದೆ ಓಡಲಿಲ್ಲವಾ ಅಂತ. ಇಲ್ಲ. ನಾನು ಮುಂದುವರಿಸಿದೆ. ಬಾಣಗಳನ್ನು ಎಲ್ಲಿ ಮುರಿಯಬಹುದು ಅಂತ ಕೇಳಿದೆ, ಉತ್ತರ ಬರೆದುಕೊಂಡೆ, ಫೀಡ್‌ಬ್ಯಾಕ್ ಹಾಳೆ ಹಂಚಿದೆ. ಬೋರ್ಡಿನ ಮೇಲಿನ ಬಂಡೆಯನ್ನು ಅಳಿಸುವುದೂ ತೋಚಲಿಲ್ಲ. ಅದರ ಮುಂದೆಯೇ ಗ್ರೂಪ್ ಫೋಟೋ ತೆಗೆಸಿಕೊಂಡೆವು. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಸುನಿತಾ ಮೇಡಂ ಒಬ್ಬರು ಮಾತ್ರ ನಕ್ಕಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಮಾವ ಕಾಯುತ್ತಿದ್ದರು. ನನಗೆ ಅಂತ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು! ಒಂದೇ ಬಸ್ಸಿನಲ್ಲಿ ಬಂದೆವು. ಅವರು ಮುಂದೆ, ನಾನು ಹೆಂಗಸರ ಸೀಟಿನಲ್ಲಿ. ಬಿಳಿ ಟೋಪಿಯ ಹಿಂಭಾಗ ನೋಡುತ್ತಾ ಕೂತೆ. ಕ್ಷಮಿಸಿ ಮಾವ ಅನ್ನುವ ಎರಡು ಮಾತನ್ನು ಬಾಯಲ್ಲಿ ಇಟ್ಟುಕೊಂಡಿದ್ದಂತೆಯೇ ಚನ್ನಗಿರಿ ಬಂತು. ಇಳಿದಾಗ ಅವರೇ "ಎಲ್ಲಾ ಚಲೋ ಆತಲ್ಲ?" ಅಂದರು. ನಾನು "ಹ್ಞೂಂ ಮಾವ" ಅಂದೆ. ಮನೆಗೆ ಬಂದ ಕೂಡಲೇ ಅತ್ತೆಗೆ ಹೇಳಿದರು, "ನಿನ್ನ ಸೊಸಿ ಮಾತಾಡ್ತಿದ್ರೆ ನೊಣ ಹಾರಿದ್ರೂ ಕೇಳ್ತೈತೆ ಕಣೇ. ಅಂಥಾ ಪಾಠ." ಅವರು ಸುಳ್ಳು ಹೇಳಲಿಲ್ಲ, ಗೇಲಿಯನ್ನೂ ಮಾಡಲಿಲ್ಲ. ಅತ್ತೆ ಹಿಗ್ಗಿ ನನ್ನ ಕೆನ್ನೆ ಸವರಿ ಲಟಿಕೆ ಮುರಿದರು. ನನಗೆ ಮಾವ ಬೈದಿದ್ದರೆ, ಬೇಡ, ಟೋಪಿ ತೆಗೆದು ನೆಲಕ್ಕೆ ಬಡಿದಿದ್ದರೂ ಸಾಕಿತ್ತು ಅನಿಸಿತು.

ಮರುದಿನ ಸುನಿತಾ ಮೇಡಂ ಫೋನ್ ಮಾಡಿದರು. "ಮೇಡಂ, ನಿಮಗೆ ಗೊತ್ತಿರ್ಲಿ ಅಂತ ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ. ನಮ್ಮ ಮೇಷ್ಟ್ರ ಗ್ರೂಪಿನಾಗೆ ಯಾರೋ ಛತ್ರಿ ಚಿತ್ರ ಹಾಕ್ಯಾರೆ. ಇನ್ನೊಬ್ರು ರೇನ್‌ಕೋಟ್ ಅಂತ ಬರ್ದಾರೆ. ದುರುಗೇಶ್ ಸರ್ ಇಬ್ಬರಿಗೂ ಚೆನ್ನಾಗಿ ಉಗಿದ್ರು. ಆದ್ರೆ ಅಷ್ಟೊತ್ತಿಗೆ ನಿಮ್ಮ ಮಾವನೋರು ನೋಡಿಬಿಟ್ಟಿದ್ರು." ಮಾವ ಪ್ರತಿದಿನ ಬೆಳಿಗ್ಗೆ ಆ ಗ್ರೂಪಿಗೆ ಒಂದು ವಚನ ಕಳಿಸುತ್ತಿದ್ದರಂತೆ, ನಾಲ್ಕೈದು ವರ್ಷದಿಂದ, ಒಂದು ದಿನ ತಪ್ಪದೆ. ಗುರುವಾರ ವಚನ ಬರಲಿಲ್ಲ. ಮರುಳಪ್ಪನವರು ಗ್ರೂಪಿನಿಂದ ಹೊರಹೋದರು ಅನ್ನುವ ಒಂದು ಸಾಲು ಬಂತು, ಅಷ್ಟೇ.

ಇನ್ನೊಂದು. ಮುಂದಿನ ತಿಂಗಳು ತಾಲ್ಲೂಕು ಕ್ರೀಡಾಕೂಟ. ಈ ವರ್ಷ ನಿವೃತ್ತಿ ಅಂತ ಕಬಡ್ಡಿ ಫೈನಲ್ಲಿಗೆ ಅವರನ್ನೇ ರೆಫರಿ ಮಾಡುವುದು, ಮೈದಾನದಲ್ಲೇ ಶಾಲು ಹೊದಿಸುವುದು ಅಂತ ಎಲ್ಲರೂ ಸೇರಿ ತೀರ್ಮಾನಿಸಿದ್ದರಲ್ಲ. ಅದಕ್ಕಾಗಿ ಅವರು ಗುಟ್ಟಾಗಿ ಒಂದು ಎಲೆಕ್ಟ್ರಿಕ್ ವಿಷಲ್ ತರಿಸಿಕೊಂಡಿದ್ದರು, ಗುಂಡಿ ಒತ್ತಿದರೆ ಸದ್ದು ಮಾಡುವಂಥದ್ದು, ಊದುವ ಹಾಗಿಲ್ಲ. ಹಿತ್ತಲಿನಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು. ನಾನು ಅದೇನೋ ಹೊಸ ಆಟಿಕೆ ಅಂದುಕೊಂಡಿದ್ದೆ. ಶುಕ್ರವಾರ ಅವರು ಯಾರಿಗೋ ಫೋನಿನಲ್ಲಿ ಹೇಳುವುದು ಕೇಳಿಸಿತು: "ಇಲ್ರೀ, ಆ ದಿವ್ಸ ನಾನು ಊರಾಗಿರಾಕಿಲ್ಲ. ಬೇರೆಯೋರ್ನ ನಿಲ್ಸ್ರಿ. ಶಾಲು ಏನ್ ಮಾಡಾಕೆ, ಚಳಿ ಇಲ್ಲ ಬಿಡ್ರಿ." ನಗುತ್ತಲೇ ಹೇಳಿದರು. ವಿಷಲ್ ಈಗ ಟಿ.ವಿ.ಯ ಹಿಂದೆ, ಅದರ ಡಬ್ಬಿಯಲ್ಲಿದೆ.

ಅದಕ್ಕಿಂತ ದೊಡ್ಡದು ಇದು. ಗುರುವಾರದಿಂದ ಮಾವ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದಾರೆ. ಪೂಜೆಗೂ ಮೊದಲೇ ಎದ್ದು, ಬಚ್ಚಲ ಬಾಗಿಲು ಹಾಕಿಕೊಂಡು. ಅತ್ತೆ ಹೊರಗೆ ನಿಂತು "ಇಷ್ಟು ವರ್ಷ ಇಲ್ಲದ್ದು ಇದೇನ್ ಹೊಸದು, ಕೊಡ್ರೀ ಇತ್ತ" ಅಂದರೆ ಒಳಗೆ ನಲ್ಲಿಯನ್ನು ಇನ್ನೂ ಜೋರು ಮಾಡುತ್ತಾರೆ. ನಿಮಗೆ ಗೊತ್ತು ಅನ್ನುವುದು ಅವರಿಗೆ ಗೊತ್ತಿಲ್ಲವಲ್ಲ. ಅವರ ಲೆಕ್ಕದಲ್ಲಿ ಈ ಗುಟ್ಟು ಗೊತ್ತಿರುವುದು ಲೋಕದಲ್ಲಿ ಒಬ್ಬರಿಗೇ. ಹಾಗಾದರೆ ಸೊಸೆಗೆ ಯಾರು ಹೇಳಿದ್ದು?

ನನ್ನ 'ಕೇಸ್' ತುಂಬ ಚೆನ್ನಾಗಿತ್ತು, ಕೈಪಿಡಿಯಲ್ಲಿ ಅಚ್ಚು ಹಾಕಿಸೋಣ ಅಂತ ಆಫೀಸಿನ ಸರ್ ಮೆಸೇಜು ಕಳಿಸಿದ್ದಾರೆ. ಬೇಡ ಅಂತ ಬರೆದೆ. ಯಾಕೆ ಅಂತ ಕೇಳಿದರು. ನಾನು ಇದ್ದದ್ದನ್ನು ಬರೆದ ಮೇಲೆ ಅವರೇ ಬೇಡ ಬಿಡಿ ಅಂದರು. ತಪ್ಪು ಯಾರದು ಅಂತ ಹುಡುಕಬೇಡಿ, ಸುತ್ತು ನೋಡಿ ಅಂತ ಎರಡು ದಿನ ಗಂಟಲು ಹರಿಯುವ ಹಾಗೆ ಕಲಿಸಿದೆನಲ್ಲ, ಈಗ ಆ ಮಾತಿನ ಹಿಂದೆ ಅಡಗಿಕೊಳ್ಳಲು ನನಗೇ ಎಷ್ಟು ಆಸೆಯಾಗುತ್ತಿದೆ ಗೊತ್ತಾ. ಸರ್ ಒತ್ತಾಯಿಸಿದರು, ಮೇಷ್ಟ್ರುಗಳು ಆಕಳಿಸಿದರು, ಮೀಟಿಂಗು ಬೇಗ ಮುಗಿಯಿತು, ಕಲ್ಲಿಗೊಂದು ಹೆಸರಿತ್ತು. ಬಾಣ ಎಷ್ಟು ಬೇಕಾದರೂ ಹಾಕಬಹುದು. ಆದರೆ ಆ ನಿಶ್ಶಬ್ದ ಇಷ್ಟವಾದದ್ದು ನನಗೆ ಸತೀಶ್. ಇನ್ನೂ ಸ್ವಲ್ಪ ಇರಲಿ ಅಂದದ್ದು ನಾನೇ.

ನೀವು ನನ್ನನ್ನು ಬೈಯಿರಿ. ಫೋನಿನಲ್ಲಿ ಬೇಡ, ಕಾಗದದಲ್ಲಿ, ಪೂರ್ತಿ ಹಾಳೆ ತುಂಬ. ಬೈದ ಮೇಲೆ ಕೊನೆಯ ಸಾಲಿನಲ್ಲಿ ಒಂದು ಒಳ್ಳೆಯ ಮಾತು ಬರೆದರೆ ನಾನು ಬೇಡ ಅನ್ನುವುದಿಲ್ಲ. ಬಿಸಿಲಿನಲ್ಲಿ ಟೋಪಿ ಇಲ್ಲದೆ ನಿಲ್ಲಬೇಡಿ. ಮೂಗಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಅಪ್ಪ, ಅಮ್ಮ ಇಬ್ಬರೂ ನಿಮ್ಮ ತಲೆಯ ಮೇಲೆ ಕೈ ಇಟ್ಟಿದ್ದಾರೆ ಅಂದುಕೊಳ್ಳಿ. ನನ್ನ ಪಾಲಿಗೆ ಬರಬೇಕಾದ ಆಶೀರ್ವಾದವನ್ನೂ ಸದ್ಯಕ್ಕೆ ನೀವೇ ಇಟ್ಟುಕೊಂಡಿರಿ, ನನಗೆ ಅದನ್ನು ಕೇಳುವ ಮುಖವಿಲ್ಲ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮವಳೇ ಆದ,
ಸಂಧ್ಯಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಕಿತ್ತೆ. ಇಷ್ಟುದ್ದ ಬರೆದೂ ಒಂದನ್ನು ಬಿಟ್ಟಿದ್ದೆ.

ಶುಕ್ರವಾರ ಮಧ್ಯಾಹ್ನ ಅತ್ತೆ ನನ್ನ ಹತ್ತಿರ ಬಂದು ಕೂತರು. "ನಿಮ್ಮ ಮಾವ ಏನೂ ಬಾಯಿ ಬಿಡವಲ್ರು. ನಾನೇ ಕಾಡಿ ಕಾಡಿ ಕೇಳಿದೆ. 'ನಿನ್ನ ಸೊಸಿಗೆ ಹೇಳೋದೇನಿತ್ತು' ಅಂದ್ರು, ಅಷ್ಟೇ. ನಾ ನಿಂಗೆ ಏನೂ ಹೇಳಿಲ್ಲಲ್ಲವ್ವಾ. ನಿಂಗ್ಯಾರು ಹೇಳಿದ್ರು?" ಅಂದರು. ನಿಮ್ಮ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಮಗ ಹೆಂಡತಿಯ ಮುಂದೆ ಹೇಳಿಬಿಟ್ಟ ಅಂತ ಗೊತ್ತಾದರೆ ಅಪ್ಪ ಮಗನ ನಡುವೆ ಏನಾಗುತ್ತದೋ, ನೀವು ನನ್ನನ್ನು ಮತ್ತೆ ನಂಬುತ್ತೀರೋ ಇಲ್ಲವೋ ಅಂತ ಹೆದರಿದೆ. "ನೀವೇ ಹೇಳಿದ್ರಲ್ಲ ಅತ್ತೆ, ಅವತ್ತು ಬಟ್ಟೆ ನೆನೆಹಾಕುವಾಗ" ಅಂದುಬಿಟ್ಟೆ.

ಅವರು ನನ್ನ ಮುಖ ನೋಡಿದರು. ಸುಳ್ಳು ಅಂತಾರೆ, ಅಂದರೆ ಒಪ್ಪಿಕೊಂಡುಬಿಡೋಣ ಅಂತ ಕಾದೆ. "ನಾನಾ?" ಅಂದರು. ಆಮೇಲೆ, "ಹೇಳಿರ್ತೀನಿ ಬಿಡು. ನೀನ್ಯಾಕೆ ಸುಳ್ಳು ಹೇಳ್ತೀಯ. ನನ್ನ ಬಾಯಿಗೆ ಬೆಂಕಿ ಹಾಕ" ಅಂದು ಎದ್ದು ಹೋಗಿ, ಪೂಜೆಯ ಕೋಣೆಯ ಮುಂದೆ ನಿಂತು ಎರಡೂ ಗಲ್ಲ ಬಡಿದುಕೊಂಡರು. ಸಂಜೆ ಮಾವನ ಮುಂದೆ ನಿಂತು "ನನ್ನಿಂದ ತಪ್ಪಾತು" ಅಂದರು. ಮಾವ ಟಿ.ವಿ. ನೋಡುತ್ತಲೇ "ಆತು ಬಿಡು" ಅಂದರು.

ನಾಳೆ ಈ ಕಾಗದ ಪೋಸ್ಟಿಗೆ ಹಾಕುವ ಮೊದಲು ಇಬ್ಬರಿಗೂ ನಿಜ ಹೇಳುತ್ತೇನೆ ಅಂತ ಬರೆಯಬೇಕೆಂದೇ ಲಕೋಟೆ ಕಿತ್ತೆ. ಬರೆಯಲು ಹೋದರೆ ಕೈ ನಿಲ್ಲುತ್ತದೆ.

ಊಟವಾದ ಮೇಲೆ ಪಕ್ಕದ ಮನೆಯ ಕಲ್ಲಮ್ಮನ ಜಗಲಿಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಊರ ಸುದ್ದಿ ಮಾತಾಡುವುದೆಂದರೆ ನಿಮ್ಮ ಅಮ್ಮನಿಗೆ ಎಷ್ಟು ಇಷ್ಟ, ನಿಮಗೇ ಗೊತ್ತು. ಅವತ್ತು ಗಲ್ಲ ಬಡಿದುಕೊಂಡ ಮೇಲೆ, ಎರಡು ದಿನದಿಂದ ಹೋಗಿಲ್ಲ. ಈಗ ತಾನೇ ಕಲ್ಲಮ್ಮ ಕಾಂಪೌಂಡಿನಿಂದ ಕೂಗಿದರು, "ಸರ್ವಮಂಗಳಾ, ಬಾರೇ, ಎಲೆ ಒಣಗ್ತಾವೆ!" ಅತ್ತೆ ಒಳಗಿನಿಂದಲೇ "ಕೆಲ್ಸ ಐತೆ ಕಣಕ್ಕಾ" ಅಂದರು. ನಾನು ಬಾಗಿಲು ತೆರೆದು ನೋಡಿದೆ. ಪಾತ್ರೆ ತೊಳೆದಾಗಿದೆ, ಒಲೆ ಒರೆಸಿಯಾಗಿದೆ. ಅಡಿಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ, ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡು ಕೂತಿದ್ದಾರೆ.